ಲಾಂಡ್ರಿ ಅಕ್ಕ ಕೇಳಿದ ಎರಡು ದಿನ

ಮಕ್ಕಳಿಲ್ಲದವರಿಗೆ ಕ್ರಿಸ್‌ಮಸ್ ಇಲ್ಲ ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಆದರೆ ಆ ಆಸ್ಪತ್ರೆಯ ಲಾಂಡ್ರಿಯಲ್ಲಿ ಮಾತ್ರ ಇಪ್ಪತ್ತೈದು ವರ್ಷಗಳಿಂದ ಅದು ಸೂರ್ಯ ಹುಟ್ಟಿದಷ್ಟೇ ಸಹಜವಾಗಿ ನಡೆದುಕೊಂಡು ಬಂದಿತ್ತು. ಡಿಸೆಂಬರ್ ಮೊದಲ ವಾರ ಇನ್‌ಚಾರ್ಜ್ ಮೇಡಂ ಡ್ಯೂಟಿ ಚಾರ್ಟು ಹಿಡಿದು ಬರುತ್ತಿದ್ದರು. ಇಪ್ಪತ್ನಾಲ್ಕು, ಇಪ್ಪತ್ತೈದರ ಚೌಕದಲ್ಲಿ ಯಾರನ್ನೂ ಕೇಳದೆ ಒಂದು ಹೆಸರು ಬರೆಯುತ್ತಿದ್ದರು. ಆಮೇಲೆ ಆ ಹೆಸರಿನವಳ ಕಡೆ ತಿರುಗಿ ನಗುತ್ತಿದ್ದರು. "ನಿಮಗೇನಕ್ಕ, ಮಕ್ಕಳಾ ಮರಿಯಾ! ಆರಾಮು!"

ಇಡೀ ಆಸ್ಪತ್ರೆ ಅವಳನ್ನು ಲಾಂಡ್ರಿ ಅಕ್ಕ ಎಂದೇ ಕರೆಯುತ್ತಿತ್ತು. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲಿನವನವರೆಗೆ ಎಲ್ಲರಿಗೂ ಅವಳು ಅಕ್ಕ. ವಯಸ್ಸು ಐವತ್ತೊಂದು. ಗಂಡ ಲಾರಿ ಓಡಿಸುತ್ತಿದ್ದ, ತೀರಿಹೋಗಿ ಒಂಬತ್ತು ವರ್ಷವಾಯಿತು. ಆಸ್ಪತ್ರೆಯ ಹಿಂಬದಿಯಲ್ಲಿ, ನಾಲ್ಕು ಮೆಟ್ಟಿಲು ಇಳಿದರೆ ಸಿಗುವ ಆ ಉದ್ದನೆಯ ಕೋಣೆಯಲ್ಲಿ ಅವಳ ಅರ್ಧ ಆಯುಸ್ಸು ಕಳೆದಿತ್ತು. ಎರಡು ದೊಡ್ಡ ವಾಷಿಂಗ್ ಮಷಿನ್, ಒಂದು ಒಣಗಿಸುವ ಮಷಿನ್, ಗೋಡೆಯುದ್ದಕ್ಕೂ ಕಪಾಟು, ನಡುವೆ ರೋಲರ್ ಇಸ್ತ್ರಿ. ಈ ರೋಲರಿಗೆ ಒದ್ದೆ ಬೆಡ್‌ಶೀಟನ್ನು ಎರಡು ಕೊನೆ ಹಿಡಿದು ಇಬ್ಬರು ಉಣಿಸಬೇಕು. ಒಬ್ಬರು ಸ್ವಲ್ಪ ಎಳೆದರೂ ಶೀಟು ಸೊಟ್ಟಗೆ ಹೋಗಿ ಸುರುಳಿ ಸುತ್ತಿಕೊಳ್ಳುತ್ತದೆ. ಅಕ್ಕ ಹಿಡಿದ ಕಡೆ ಶೀಟು ಸೊಟ್ಟಗಾಗಿದ್ದನ್ನು ಕಂಡವರಿಲ್ಲ.

ಇಲ್ಲಿಗೆ ಸೇರುವ ಮೊದಲೂ ಅವಳ ಹಣೆಬರಹ ಬೇರೆಯೇನಾಗಿರಲಿಲ್ಲ. ಹದಿನೆಂಟಕ್ಕೆ ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಡಬ್ಬ ತುಂಬುತ್ತಿದ್ದಳು. ಊರಿಗೆಲ್ಲ ಕ್ರಿಸ್‌ಮಸ್ಸಿಗೆ ಉಡುಗೊರೆ ಡಬ್ಬ ಬೇಕು, ಆದ್ದರಿಂದ ಡಬ್ಬ ತುಂಬುವವರಿಗೆ ಡಿಸೆಂಬರಿನಲ್ಲಿ ರಜೆಯಿಲ್ಲ. ಅದು ಸಾಕೆನಿಸಿ ಹೋಟೆಲಿಗೆ ಸೇರಿದಳು, ರೂಮು ಗುಡಿಸಿ ಹಾಸಿಗೆ ಹಾಸುವ ಕೆಲಸ. ಅಲ್ಲಿ ರಜೆ ಕಳೆಯಲು ಬಂದವರ ರಜೆಗಾಗಿ ಇವಳಿಗೆ ರಜೆಯಿಲ್ಲ. ಅವಳ ಬೀದಿಯಲ್ಲೂ ಕಥೆ ಇದೇ. ಎದುರು ಮನೆಯ ಬಸ್ ಡ್ರೈವರ್ ಆ ದಿನ ಎರಡು ಟ್ರಿಪ್ ಹೆಚ್ಚು ಹೊಡೆಯುತ್ತಾನೆ. ಮೂಲೆ ಮನೆಯ ಬೇಕರಿಯವನು ವಾರವಿಡೀ ನಿದ್ದೆಗೆಟ್ಟು, ಹಬ್ಬದ ದಿನ ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಾನೆ. ಪಕ್ಕದ ಮನೆಯ ಮೇಷ್ಟ್ರಿಗೆ ಮಾತ್ರ ಹತ್ತು ದಿನ ರಜೆ. ನಾಲ್ಕನೆಯ ದಿನಕ್ಕೇ ಕಾಂಪೌಂಡಿನ ಮೇಲಿಂದ ಇಣುಕಿ, "ಹೊತ್ತೇ ಹೋಗಲ್ಲಮ್ಮ, ಬೇಜಾರು" ಎನ್ನುತ್ತಾರೆ. ಅಂಥವರಿಗೆ ಏನು ಹೇಳುವುದು! ಅಕ್ಕ ಬಕೆಟ್ಟು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಿಬಿಡಬೇಕು, ಮುಚ್ಚಿಟ್ಟರೆ ನ್ಯಾಯವಲ್ಲ. ಲಾಂಡ್ರಿಯ ಆ ನಿಯಮ ಮಾಡಿದವಳು ಅಕ್ಕನೇ. ಕೆಲಸಕ್ಕೆ ಸೇರಿದ ಮೂರನೆಯ ಡಿಸೆಂಬರು ಅದು. ರಜೆಗಾಗಿ ಹೆಂಗಸರು ಜಡೆ ಹಿಡಿದು ಜಗಳವಾಡುವುದೊಂದೇ ಬಾಕಿಯಿತ್ತು. ಹೊಸದಾಗಿ ಮದುವೆಯಾಗಿದ್ದ ಅಕ್ಕ ಊಟದ ಹೊತ್ತಿನಲ್ಲಿ ಎದ್ದು ನಿಂತು, "ಹನ್ನೆರಡು ವರ್ಷದೊಳಗಿನ ಮಕ್ಕಳು ಇರೋರಿಗೆ ಮೊದಲು ಕೊಡೋಣ, ಉಳಿದೋರು ಡ್ಯೂಟಿ ಮಾಡೋಣ" ಎಂದಳು. ಎಲ್ಲರೂ ಕೈ ಎತ್ತಿದರು. ಚಪ್ಪಾಳೆ ಕೂಡ ಬಿತ್ತು. ಇವತ್ತಲ್ಲ ನಾಳೆ ತನ್ನ ಮಡಿಲೂ ತುಂಬುತ್ತದೆ, ಆಗ ತನಗೂ ಸಿಗುತ್ತದೆ ಎಂಬ ಧೈರ್ಯ ಅವಳಿಗೆ. ತುಂಬಲಿಲ್ಲ. ಐದು ವರ್ಷವಾಯಿತು, ಹತ್ತಾಯಿತು, ಆಮೇಲೆ ಎಣಿಸುವುದನ್ನು ಬಿಟ್ಟಳು. ನಿಯಮ ಮಾತ್ರ ಗಟ್ಟಿಯಾಗಿ ನಿಂತಿತು. ನಿಂತದ್ದಷ್ಟೇ ಅಲ್ಲ, ಬೆಳೆಯಿತು ಕೂಡ. ಹನ್ನೆರಡು ವರ್ಷ ಎಂಬುದು ಯಾರ ಬಾಯಿಯಿಂದಲೂ ಬರದಂತಾಗಿ, ಕೊನೆಗೆ "ಮಕ್ಕಳು ಇರೋರಿಗೆ" ಎಂದಷ್ಟೇ ಉಳಿಯಿತು. ಇಸ್ತ್ರಿಯವಳ ಮಗನಿಗೆ ಹತ್ತೊಂಬತ್ತು, ಮೀಸೆ ಬಂದಿದೆ. ಇನ್‌ಚಾರ್ಜ್ ಮೇಡಂ ಮಗಳು ಕಾಲೇಜು ಮುಗಿಸುತ್ತಿದ್ದಾಳೆ. ಅವರೆಲ್ಲ ಇನ್ನೂ ಪುಟ್ಟ ಮಕ್ಕಳ ತಾಯಂದಿರು!

ಇಷ್ಟು ವರ್ಷ ಅಕ್ಕ ಬಾಯಿ ಬಿಡದಿದ್ದುದಕ್ಕೆ ಕಾರಣ ಅವಳ ಅಮ್ಮ.

ಅಕ್ಕನಿಗೆ ಒಬ್ಬ ತಮ್ಮನಿದ್ದಾನೆ, ನಲವತ್ತಾರು ವರ್ಷ. ಹುಟ್ಟುವಾಗಲೇ ಏನೋ ತೊಂದರೆಯಾಗಿ ಬುದ್ಧಿ ಮೈಯಷ್ಟು ಬೆಳೆಯಲಿಲ್ಲ. ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಒಂದು ವಸತಿ ನಿಲಯದಲ್ಲಿದ್ದಾನೆ. ಅಲ್ಲಿ ಅವನಿಗೊಂದು ಮಂಚ, ಕಿಟಕಿ, ತೋಟಕ್ಕೆ ನೀರು ಹಾಕುವ ಕೆಲಸ. ವರ್ಷಕ್ಕೊಮ್ಮೆ, ಇಪ್ಪತ್ನಾಲ್ಕರ ಬೆಳಿಗ್ಗೆಯಿಂದ ಇಪ್ಪತ್ತಾರರ ಬೆಳಿಗ್ಗೆವರೆಗೆ, ಎಲ್ಲರನ್ನೂ ಮನೆಗೆ ಕಳಿಸುತ್ತಾರೆ. ಆದರೆ ಮನೆಯವರು ಬಂದು ಸಹಿ ಹಾಕಬೇಕು, ಅಷ್ಟು ಹೊತ್ತೂ ಯಾರಾದರೊಬ್ಬರು ಅವನ ಜೊತೆಗಿರಬೇಕು. ಪ್ರತಿವರ್ಷ ಅಮ್ಮ ಹೋಗಿ ಕರೆತರುತ್ತಿದ್ದರು. ಅಕ್ಕ ಡ್ಯೂಟಿ ಮುಗಿಸಿ ಮನೆಗೆ ಬರುವಷ್ಟರಲ್ಲಿ ಮಾಡಿದ ಅಡುಗೆ ಆರಿರುತ್ತಿತ್ತು. ತಮ್ಮ ಮಾತ್ರ ಅವಳ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಪಕ್ಕದಲ್ಲೇ ಕಾವಲು ಕೂತಿರುತ್ತಿದ್ದ. ಜೂನ್ ತಿಂಗಳಲ್ಲಿ ಅಮ್ಮ ತೀರಿಕೊಂಡರು. ಈಗ ಸಹಿ ಹಾಕುವವಳು ಅವಳೊಬ್ಬಳೇ, ಜೊತೆಗಿರುವವಳೂ ಅವಳೊಬ್ಬಳೇ.

ನವೆಂಬರಿನಲ್ಲಿ ನೋಡಲು ಹೋದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮ ಇಲ್ಲ. ನೀನು ಬರ್ತೀಯಾ?"

"ಬರ್ತೀನಿ ಕಣೋ" ಎಂದಳು, ನಾಲಿಗೆ ಕಚ್ಚಿಕೊಳ್ಳುವುದರೊಳಗೆ ಮಾತು ಆಡಿಯಾಗಿತ್ತು. ಹೊರಡುವಾಗ ಅಲ್ಲಿನ ಆರೈಕೆಯವರು ಗೇಟಿನ ತನಕ ಬಂದರು. ಸಂಕೋಚದ ಮನುಷ್ಯ. "ತಪ್ಪು ತಿಳ್ಕೋಬೇಡಿ. ಈ ಸಲ ಉಳಿದೋರನ್ನೆಲ್ಲ ಕರ್ಕೊಂಡು ಹೋಗ್ತಾರಂತೆ. ನಿಮ್ಮ ತಮ್ಮ ಒಬ್ಬರೇ ಉಳಿದ್ರೆ, ಅವರ ಜೊತೆ ನಾನೂ ಉಳೀಬೇಕಾಗುತ್ತೆ. ನಾನು ಮನೇಲಿ ಕ್ರಿಸ್‌ಮಸ್ ಮಾಡಿ ಮೂರು ವರ್ಷ ಆಯ್ತು" ಎಂದರು. ಅಕ್ಕನಿಗೆ ಅವರ ಮುಖ ನೋಡಲಾಗಲಿಲ್ಲ. ಒಬ್ಬಳ ರಜೆಗೆ ಇನ್ನೆಷ್ಟು ಜನರ ರಜೆ ನೇತುಬಿದ್ದಿರುತ್ತದೆ ಎಂದು ಅವಳಿಗೆ ಮೊದಲ ಸಲ ಹೊಳೆದದ್ದು ಆಗ.

ಡಿಸೆಂಬರಿನಲ್ಲಿ ಚಾರ್ಟು ಬಂತು, ಮಾಮೂಲಿನಂತೆ ಹೆಸರು ಬಿತ್ತು, ಮಾಮೂಲಿನಂತೆ ನಗುವೂ ಬಂತು. ಅಕ್ಕ ಕೈಯಲ್ಲಿದ್ದ ಶೀಟನ್ನು ಮೇಜಿನ ಮೇಲಿಟ್ಟಳು.

"ಮೇಡಂ, ಈ ವರ್ಷ ಎರಡು ದಿನ ನನಗೆ ರಜೆ ಬೇಕು."

ಮೇಡಂ ತಮಾಷೆಯೆಂದುಕೊಂಡರು. ಅಕ್ಕ ತಮ್ಮನ ವಿಷಯ ಹೇಳಿದಳು. ಮೇಡಮ್ಮನ ಮುಖದಲ್ಲಿ ಅಯ್ಯೋ ಪಾಪ ಎಂಬ ಭಾವ ಬಂತು, ಬಂದಷ್ಟೇ ಬೇಗ ಹೋಯಿತು. "ನನಗೆ ಅರ್ಥ ಆಗುತ್ತೆ ಅಕ್ಕ. ಆದ್ರೆ ನಿಯಮ ಮಾಡಿದ್ದೇ ನೀವಲ್ವಾ? ಈಗ ನೀವೇ ಮುರಿದ್ರೆ ಹೇಗೆ?"

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಹೌದು, ಮಾಡಿದ್ದು ತಾನೇ. ಆದರೆ ತಾನು ಮಾಡಿದ ನಿಯಮಕ್ಕೆ ಹನ್ನೆರಡು ವರ್ಷ ಎಂಬ ಗೆರೆಯಿತ್ತು. ಆ ಗೆರೆಯನ್ನು ಅಳಿಸಿದವರು ಯಾರು? "ಹಾಗಾದ್ರೆ ನಿಯಮದ ಪ್ರಕಾರವೇ ಹೋಗೋಣ. ಹನ್ನೆರಡರೊಳಗಿನ ಮಕ್ಕಳು ಇಲ್ಲಿ ಯಾರಿಗಿದಾರೆ? ಮಧ್ಯಾಹ್ನ ಎಲ್ಲರೂ ಕೂತು ಮಾತಾಡೋಣ" ಎಂದಳು. ಅವಳ ದನಿ ಅಷ್ಟು ಏರಿದ್ದನ್ನು ಲಾಂಡ್ರಿಯ ಗೋಡೆಗಳೂ ಕೇಳಿರಲಿಲ್ಲ.

ಊಟದ ಹೊತ್ತಿಗೆ ಐವರು ಖಾಯಂ ನೌಕರರೂ ಮೇಜಿನ ಸುತ್ತ ಕೂತರು. ಅಕ್ಕ, ಮೇಡಂ, ಇಸ್ತ್ರಿಯವಳು, ಹರಿದದ್ದು ಹೊಲಿಯುವವಳು, ಮತ್ತೆ ಹೆರಿಗೆ ರಜೆ ಮುಗಿಸಿ ತಿಂಗಳ ಹಿಂದಷ್ಟೇ ಬಂದಿದ್ದ ಚಿಕ್ಕವಳು. ಅವಳ ಕೂಸಿಗೆ ಐದು ತಿಂಗಳು. ಮಷಿನ್ ನೋಡುವ ಹಿರಿಯರೊಬ್ಬರು ಗುತ್ತಿಗೆಯವರು, ಬಾರದಿದ್ದರೆ ಆ ದಿನದ ಸಂಬಳವಿಲ್ಲ, ಅವರನ್ನು ಯಾರೂ ಕೇಳುವುದೂ ಇಲ್ಲ. ಅವರು ದೂರದಲ್ಲಿ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಂಡರು.

"ಇಪ್ಪತ್ತೇಳು ಕ್ರಿಸ್‌ಮಸ್ ಇಲ್ಲೇ ಕಳೆದಿದೀನಿ" ಎಂದಳು ಅಕ್ಕ. "ನಿಮ್ಮ ಮಕ್ಕಳು ತೊಟ್ಟಿಲಲ್ಲಿದ್ದಾಗ ಮಾಡಿದೆ, ಸ್ಕೂಲಿಗೆ ಹೋದಾಗ ಮಾಡಿದೆ, ಈಗ ಬೈಕ್ ಓಡಿಸ್ತಿದಾರೆ, ಈಗಲೂ ಮಾಡ್ತಿದೀನಿ. ಯಾರ ಮೇಲೂ ನಂಗೆ ಸಿಟ್ಟಿಲ್ಲ." ಇದು ಶುದ್ಧ ಸುಳ್ಳು. "ಒಂದೇ ಒಂದು ವರ್ಷ ಕೇಳ್ತಿದೀನಿ. ಇನ್ಮೇಲೆ ಸರದಿ ಪ್ರಕಾರ ಹೋಗಲಿ. ಒಪ್ಪಿಗೆ ಇರೋರು ಕೈ ಎತ್ತಿ."

ಇಸ್ತ್ರಿಯವಳು ಊಟದ ಡಬ್ಬಿಯ ಮುಚ್ಚಳವನ್ನು ಬಹಳ ಶ್ರದ್ಧೆಯಿಂದ ಒರೆಸತೊಡಗಿದಳು. ಅವಳ ಮೀಸೆ ಬಂದ ಮಗನಿಗೆ ಅಮ್ಮನ ಕೈಯೂಟವಿಲ್ಲದೆ ಹಬ್ಬ ಸೇರುವುದಿಲ್ಲವಂತೆ. ಹೊಲಿಗೆಯವಳು, "ನಮ್ಮನೆಗೆ ನೆಂಟರು ಬರ್ತಾರೆ, ಅವರ ಟಿಕೆಟ್ ಬೇರೆ ಆಗಿದೆ" ಎಂದು ಗೊಣಗಿದಳು. ಮೇಡಂ ಮೊಬೈಲು ನೋಡಿದರು. ಮೇಲೆದ್ದದ್ದು ಅಕ್ಕನ ಕೈಯಲ್ಲದೆ ಒಂದೇ ಒಂದು ಕೈ, ಅದೂ ಐದು ತಿಂಗಳ ಕೂಸಿನ ತಾಯಿಯದು.

ಎದ್ದು ಹೋಗುವಾಗ ಚಿಕ್ಕವಳು ಕಪಾಟಿನ ಮರೆಯಲ್ಲಿ ಅಕ್ಕನ ಕೈ ಹಿಡಿದುಕೊಂಡಳು. "ಅಕ್ಕಾ, ನಿಮ್ಮ ಡ್ಯೂಟಿ ನಾನು ಮಾಡ್ತೀನಿ. ಪಾಪುನ ಅತ್ತೆ ನೋಡ್ಕೋತಾರೆ. ನೀವು ಹೋಗಿ."

"ಹುಚ್ಚಿ! ಹಾಲು ಕುಡಿಯೋ ಕೂಸು ಬಿಟ್ಟು ಬರ್ತಾಳಂತೆ" ಎಂದು ಅಕ್ಕ ಗದರಿದಳು. "ನಿನ್ನ ಕೈಲಿ ಮಾಡಿಸಿ ನಾನು ರಜೆ ತಗೊಂಡ್ರೆ, ನನಗೂ ಅವರಿಗೂ ಏನು ವ್ಯತ್ಯಾಸ? ಸುಮ್ನೆ ಹೋಗು."

ಸಿಟ್ಟು ಬಂದಾಗ ಕೈಗೆ ಕೆಲಸ ಬೇಕು ಎಂಬ ಜಾತಿಯವಳು ಅಕ್ಕ. ಆ ಮಧ್ಯಾಹ್ನ, ತಿಂಗಳಿಗೊಮ್ಮೆ ಮಾಡುವ ಕೆಲಸವೊಂದು ನೆನಪಾಗಿ ಸೊಂಟದಿಂದ ಬೀಗದಕೈ ತೆಗೆದು ಹಿಂದಿನ ಕಬ್ಬಿಣದ ಬೀರು ತೆರೆದಳು. ಅದರೊಳಗಿದ್ದವು ತಪಾಸಣೆಯ ಶೀಟುಗಳು. ಮೂರು ವರ್ಷದ ಹಿಂದೆ ಕೊಂಡ ಇನ್ನೂರು ಹೊಸ ಬೆಡ್‌ಶೀಟು, ಮೇಲಿನವರು ಆಸ್ಪತ್ರೆ ನೋಡಲು ಬಂದಾಗ ಮಾತ್ರ ಹಾಸುವಂಥವು. ಅವರು ಬಂದದ್ದು ಒಂದೇ ಸಲ, ಅದೂ ಮಹಡಿಯ ಒಂದು ವಾರ್ಡಿನ ಬಾಗಿಲಲ್ಲಿ ನಿಂತು ತಲೆಯಾಡಿಸಿ ಹೋಗಿದ್ದರು. ಅವರು ಹೋಗುತ್ತಲೇ ಶೀಟುಗಳನ್ನು ಕಿತ್ತು, ಮಡಚಿ ಮತ್ತೆ ಬೀರುವಿಗೆ ಸೇರಿಸಿದ್ದರು. ರೋಗಿಗಳು ತೇಪೆ ಹಾಕಿದ ಹಳೆಯವುಗಳ ಮೇಲೆ ಮಲಗಿದರು. ಅಕ್ಕ ತಿಂಗಳು ತಿಂಗಳೂ ನುಸಿಗುಳಿಗೆ ಬದಲಿಸುತ್ತ ಬಂದಳು.

ಗುಳಿಗೆಯ ಪೊಟ್ಟಣ ಕೈಯಲ್ಲಿದ್ದ ಹಾಗೇ ಅವಳು ನಿಂತುಬಿಟ್ಟಳು.

ಕ್ರಿಸ್‌ಮಸ್ ಹೊತ್ತಿಗೆ ನಡೆದಾಡಬಲ್ಲ ರೋಗಿಗಳನ್ನೆಲ್ಲ ಮನೆಗೆ ಕಳಿಸುತ್ತಾರೆ. ಅರ್ಧ ಹಾಸಿಗೆ ಖಾಲಿ. ದಿನಕ್ಕೆ ಬೇಕಾಗುವುದು ಎಂಬತ್ತು ಶೀಟು, ಬಹಳವಾದರೆ ತೊಂಬತ್ತು. ಎರಡು ದಿನಕ್ಕೆ ಈ ಬೀರುವೊಂದೇ ಸಾಕು! ಕೊಳೆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎರಡು ದಿನ ಇಟ್ಟರೆ ಆಕಾಶವೇನೂ ಕಳಚಿ ಬೀಳುವುದಿಲ್ಲ, ಮಷಿನ್ ಕೆಟ್ಟಾಗಲೆಲ್ಲ ಹಾಗೇ ಇಟ್ಟಿದ್ದರು. ಈ ಹೊಸ ಶೀಟು ಬರುವುದಕ್ಕೆ ಮೊದಲೂ, ವಾರವಿಡೀ ದಿನಕ್ಕೆ ಇಪ್ಪತ್ತೈದು ಮೂವತ್ತು ಶೀಟು ಹೆಚ್ಚು ಮಡಚಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅಂದರೆ ಈ ಡ್ಯೂಟಿಯೇ ಬೇಕಿರಲಿಲ್ಲ. ಒಂದು ವರ್ಷವೂ ಬೇಕಿರಲಿಲ್ಲ. ಇದನ್ನು ಯಾರೂ ಯಾಕೆ ಯೋಚಿಸಲಿಲ್ಲ? ಯೋಚಿಸುವ ಅಗತ್ಯ ಯಾರಿಗಿತ್ತು! ಅಲ್ಲಿ ನಿಲ್ಲಿಸಲು ಒಬ್ಬಳು ಸದಾ ಸಿಗುತ್ತಿದ್ದಳಲ್ಲ. ತಾನಾದರೂ ಯೋಚಿಸಬಹುದಿತ್ತು, ಅದನ್ನೂ ಮಾಡಲಿಲ್ಲ. ಅಕ್ಕನಿಗೆ ಎಲ್ಲರ ಮೇಲೂ ಬಂದ ಸಿಟ್ಟು ತನ್ನ ಮೇಲೂ ಬಂತು. ಗಂಡ ಬದುಕಿದ್ದಾಗಿನ ಹದಿನಾರು ಹದಿನೇಳು ಹಬ್ಬಗಳು ಕಣ್ಣ ಮುಂದೆ ಬಂದವು. ಅವಳು ಬೀರುವಿನ ಬಾಗಿಲು ಹಿಡಿದು ಅತ್ತಳು, ದುಃಖಕ್ಕಿಂತ ಹೊಟ್ಟೆಯುರಿಗೆ.

ಮಾರನೆಯ ದಿನದಿಂದ ಕೆಲಸ ಮುಗಿದ ಮೇಲೆ ಅವಳು ದಿನಕ್ಕೆ ಒಂದು ಗಂಟೆ ಹೆಚ್ಚು ನಿಂತಳು. ಹೊಸ ಶೀಟನ್ನು ಹಾಗೇ ಹಾಸುವಂತಿಲ್ಲ. ಅದರ ಗಂಜಿಗೆ ರೋಗಿಯ ಬೆನ್ನು ತರಚಿಹೋಗುತ್ತದೆ, ಎರಡು ಸಲವಾದರೂ ತೊಳೆದು ಮೆತ್ತಗೆ ಮಾಡಬೇಕು. ಮಷಿನ್‌ನವರು ಏನೂ ಕೇಳದೆ ಮಷಿನ್ ಹಾಕಿಕೊಟ್ಟರು, ರೋಲರಿನ ಇನ್ನೊಂದು ಕೊನೆಯನ್ನೂ ಹಿಡಿದರು. ನಾಲ್ಕನೆಯ ದಿನ ಮಾತ್ರ ಕೇಳಿದರು. "ಯಾರೋ ಮೇಲಿನೋರು ಬರ್ತಾರೇನಮ್ಮ?"

"ಹೂಂ, ಬರ್ತಾರೆ. ದೊಡ್ಡ ಮನುಷ್ಯ" ಎಂದಳು ಅಕ್ಕ.

ಇಪ್ಪತ್ತಮೂರರ ಮಧ್ಯಾಹ್ನ ಮೇಡಂ, ಇಸ್ತ್ರಿಯವಳು, ಹೊಲಿಗೆಯವಳು ಚೀಲ ಹಿಡಿದು ಹೊರಟರು. ಚಿಕ್ಕವಳನ್ನು ಅಕ್ಕನೇ ಬೆನ್ನು ತಟ್ಟಿ ಕಳಿಸಿದಳು. ಸಂಜೆ ಎಲ್ಲ ಶೀಟುಗಳನ್ನೂ ವಾರ್ಡುವಾರು ಕಟ್ಟು ಕಟ್ಟಿ, ಕಪಾಟಿನಲ್ಲಿ ಜೋಡಿಸಿ, ಮಷಿನ್‌ನವರಿಗೆ ಎಲ್ಲ ವಿವರಿಸಿದಳು. ಮೇಡಮ್ಮನ ಮೇಜಿನ ಮೇಲೆ ಒಂದು ಕಾಗದವಿಟ್ಟಳು. ನಾಳೆ, ನಾಡಿದ್ದು ನಾನು ಬರುವುದಿಲ್ಲ, ಎರಡು ದಿನಕ್ಕೆ ಬೇಕಾದಷ್ಟು ಶೀಟು ಕಪಾಟಿನಲ್ಲಿದೆ, ಇಷ್ಟೇ ಒಕ್ಕಣೆ.

ಬೆಳಿಗ್ಗೆ ವಸತಿ ನಿಲಯದ ಮೆಟ್ಟಿಲ ಮೇಲೆ ತಮ್ಮ ಸ್ವೆಟರಿನ ಗುಂಡಿಯೆಲ್ಲ ಹಾಕಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆರೈಕೆಯವರು ರಿಜಿಸ್ಟರು ತೆರೆದು ಪೆನ್ನಿನ ಮುಚ್ಚಳ ತಾವೇ ತೆಗೆದುಕೊಟ್ಟರು. ಅವರ ಚೀಲವೂ ಬಾಗಿಲ ಬಳಿ ಸಿದ್ಧವಾಗಿತ್ತು.

ವಾಪಸು ಬಸ್ಸಿನಲ್ಲಿ ಫೋನು ಬಂತು. ಮೇಡಂ.

"ಅಕ್ಕ, ಎಲ್ಲಿದೀರಾ? ಮಷಿನ್‌ನವರು ಏನೇನೋ ಹೇಳ್ತಿದಾರೆ!"

"ಬಸ್ಸಲ್ಲಿದೀನಿ ಮೇಡಂ. ತಮ್ಮನ್ನ ಮನೆಗೆ ಕರ್ಕೊಂಡು ಹೋಗ್ತಿದೀನಿ."

"ವಾರ್ಡಿಗೆ ಶೀಟು?"

"ಬೆಳಿಗ್ಗೆನೇ ಹೋಗಿದೆ. ನಾಳೆದೂ ಕಟ್ಟಿಟ್ಟಿದೀನಿ. ಬೀರುವಿನ ಹೊಸಾ ಶೀಟು."

"ತಪಾಸಣೆ ಶೀಟು ತೆಗೆದ್ರಾ? ನಿಮಗೆ ತಲೆ ನೆಟ್ಟಗಿದೆಯಾ?"

"ಮಲಗೋದು ರೋಗಿಗಳು ಮೇಡಂ. ತಪಾಸಣೆಗೆ ಬರೋರು ಅದರ ಮೇಲೆ ಮಲಗಲ್ಲ."

"ಕಿಟಕಿ ಕಡೆ ನಾನು" ಎಂದು ಹಟ ಹಿಡಿದು ಕೂತಿದ್ದ ತಮ್ಮ ತಿರುಗಿ ನೋಡಿದ. "ಯಾರು? ನೀನು ಹೋಗ್ಬೇಕಾ?" ಎಂದ. ಪ್ರತಿವರ್ಷ ಕಂಡದ್ದು ಅವನಿಗೆ ಅದೇ ತಾನೆ.

"ಇಲ್ಲ" ಎಂದು ಅಕ್ಕ ಫೋನು ಆರಿಸಿದಳು. "ಎಲ್ಲೂ ಹೋಗಲ್ಲ."

ಆ ಎರಡು ದಿನ ಅವರೇನೂ ದೊಡ್ಡದು ಮಾಡಲಿಲ್ಲ. ಚರ್ಚಿಗೆ ಹೋದರು, ಅಡುಗೆ ಮಾಡಿದರು, ಮಧ್ಯಾಹ್ನ ಮಲಗಿದರು. ಊಟಕ್ಕೆ ಕೂತಾಗ ತಮ್ಮ ಅಭ್ಯಾಸಬಲದಿಂದ ಅಕ್ಕನ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿದ. ಅವಳು ಎದುರಿಗೇ ಕೂತಿದ್ದಾಳೆಂದು ಗೊತ್ತಾಗಿ, ತೆಗೆದು, ತನ್ನಷ್ಟಕ್ಕೇ ನಕ್ಕ. ಅಕ್ಕ ಬಿಸಿ ಅನ್ನ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು.

ಇಪ್ಪತ್ತಾರರಂದು ಅವನನ್ನು ಬಿಟ್ಟು ಲಾಂಡ್ರಿಯ ಮೆಟ್ಟಿಲು ಇಳಿಯುವಾಗ ಹನ್ನೊಂದಾಗಿತ್ತು. ಮಷಿನ್‌ನವರು ಬಾಗಿಲಲ್ಲೇ ಹಿಡಿದು ವರದಿ ಒಪ್ಪಿಸಿದರು. ನಿನ್ನೆ ಹತ್ತು ಗಂಟೆಗೆಲ್ಲ ಕೆಲಸ ಮುಗಿಯಿತಂತೆ, ಆಮೇಲೆ ಅವರು ಮಡಚುವ ಮೇಜಿನ ಮೇಲೆ ಕಾಲು ಚಾಚಿ ನಿದ್ದೆ ಹೊಡೆದರಂತೆ. ದೊಡ್ಡ ಡಾಕ್ಟರು ಹಬ್ಬದ ಸುತ್ತು ಬಂದವರು ಬೆಳ್ಳನೆಯ ಹಾಸಿಗೆಗಳನ್ನು ಕಂಡು, ಲಾಂಡ್ರಿ ನಿಂತಿರುವುದನ್ನೂ ಕಂಡು, ಮೇಡಮ್ಮನಿಗೆ ಫೋನು ಮಾಡಿ ಹೊಗಳಿದರಂತೆ. ಒಳಗೆ ಬೋರ್ಡಿನ ಮೇಲೆ ಹೊಸ ಸುತ್ತೋಲೆ ಅಂಟಿಸಿತ್ತು. ಶೀಟುಗಳನ್ನು ಮುಂಚಿತವಾಗಿ ಸಂಗ್ರಹಿಸಿಡುವ ಹೊಸ ವ್ಯವಸ್ಥೆಯ ಪ್ರಕಾರ ಮುಂದಿನ ವರ್ಷದಿಂದ ಕ್ರಿಸ್‌ಮಸ್ ದಿನ ಲಾಂಡ್ರಿಗೆ ರಜೆ. ವ್ಯವಸ್ಥೆ ರೂಪಿಸಿದವರು ಇನ್‌ಚಾರ್ಜ್. ಕೆಳಗೆ ಮೇಡಮ್ಮನ ಸಹಿ, ಗುಂಡಗೆ, ಅಂದವಾಗಿ.

ಅದನ್ನು ಓದಿ ಮುಗಿಸುವಷ್ಟರಲ್ಲಿ ಮೇಡಂ ಅವಳ ಕೈಗೆ ಇನ್ನೊಂದು ಕಾಗದ ಕೊಟ್ಟರು. ಮೆಮೋ. ಅನುಮತಿಯಿಲ್ಲದೆ ಎರಡು ದಿನ ಗೈರುಹಾಜರಾದದ್ದಕ್ಕೂ ತಪಾಸಣೆಯ ಸಾಮಗ್ರಿ ಬಳಸಿದ್ದಕ್ಕೂ ಲಿಖಿತ ಕಾರಣ ಕೊಡತಕ್ಕದ್ದು.

"ಅದೂ ನೀವೇ, ಇದೂ ನೀವೇ" ಎಂದಳು ಅಕ್ಕ, ಬೋರ್ಡನ್ನೂ ಮೆಮೋವನ್ನೂ ತೋರಿಸಿ.

ಇಸ್ತ್ರಿಯವಳು ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. "ಮೈ ಹುಷಾರಿರಲಿಲ್ಲ ಅಂತ ಬರೆದುಬಿಡಕ್ಕ. ಚೀಟಿ ನಾನು ಮಾಡಿಸಿಕೊಡ್ತೀನಿ. ಮುಗಿದೇ ಹೋಗುತ್ತೆ."

"ನಾನು ಚೆನ್ನಾಗೇ ಇದ್ದೆ. ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ" ಎಂದಳು ಅಕ್ಕ. ಮಡಚುವ ಮೇಜಿನ ಮೇಲೆ ಮೆಮೋ ಹರಡಿ, ಸುಕ್ಕು ತೀಡಿ, ಎಲ್ಲರೂ ನೋಡುತ್ತಿದ್ದ ಹಾಗೆ ದೊಡ್ಡಕ್ಷರದಲ್ಲಿ ಒಂದೇ ಸಾಲು ಬರೆದು ಮೇಡಮ್ಮನಿಗೆ ಕೊಟ್ಟಳು.

"ಕಾರಣ: ಮನೆಯಲ್ಲಿ ಕ್ರಿಸ್‌ಮಸ್ ಇತ್ತು."